ಆದಿಸಭೆಗೆ ಅಡಿಗೆ ಮಾಡಿದವರು

ಸುವಾರ್ತಳಿಗೆ ಜಪಾನಿನಲ್ಲಿ ಸಿಕ್ಕ ಮೊದಲ ಕೆಲಸ ಅನ್ನಕ್ಕೆ ಬೊಟ್ಟು ಇಡುವುದು. ಟೋಕಿಯೋದ ಎಡೋಗಾವಾದಲ್ಲಿ ಒಂದು ಬೆಂಟೋ ಕಾರ್ಖಾನೆ. ಹಗಲೂ ರಾತ್ರಿ ಬಾಗಿಲು ತೆರೆದಿರುವ ಕೊಂಬಿನಿ ಅಂಗಡಿಗಳಿಗೆ ಊಟದ ಡಬ್ಬಿ ಕಟ್ಟಿ ಕಳಿಸುವ ಜಾಗ. ಓಡುವ ಪಟ್ಟಿಯ ಮೇಲೆ ಡಬ್ಬಿಗಳು ಬರುತ್ತವೆ. ಒಬ್ಬಳು ಅನ್ನ ಒತ್ತುತ್ತಾಳೆ, ಇನ್ನೊಬ್ಬಳು ಮೀನಿನ ತುಂಡು ಇಡುತ್ತಾಳೆ. ಸುವಾರ್ತಾ ಅನ್ನದ ನಟ್ಟನಡುವೆ ಉಪ್ಪಿನಲ್ಲಿ ಹಾಕಿದ ಕೆಂಪು ಹಣ್ಣೊಂದನ್ನು ಒತ್ತಬೇಕು. ದೂರದಿಂದ ನೋಡಿದರೆ ಹಣೆಯ ಕುಂಕುಮದ ಹಾಗೇ.

"ಕುಂಕುಮ ಹಚ್ಚದವ್ರ ಮನಿ ಮಗಳಿಗಿ ದಿನಾ ಪೂರಾ ಕುಂಕುಮ ಹಚ್ಚೋ ಕೆಲ್ಸ ಕೊಟ್ಟಾನ ನೋಡು ದೇವ್ರು," ಎಂದು ಮನೆಗೆ ಬಂದು ಗಂಡನ ಮುಂದೆ ನಗುತ್ತಿದ್ದಳು.

ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯ ಹಳ್ಳಿ, ಊರ ಹೊರಗಿನ ಕೇರಿ. ಅಜ್ಜನ ಕಾಲಕ್ಕೆ ಕೇರಿಗೆ ಕೇರಿಯೇ ಕ್ರೈಸ್ತ ದೀಕ್ಷಾಸ್ನಾನ ಮಾಡಿಸಿಕೊಂಡಿತ್ತು. ಮಾಡಿಸಿಕೊಂಡ ಮೇಲೂ ಊರ ಬಾವಿಯ ಹಗ್ಗ ಇವರ ಕೈಗೆ ಬರಲಿಲ್ಲ. ಅಕ್ಷರ ಬಂತು, ಹಾಡು ಬಂತು, ಸುವಾರ್ತಾ, ದೇವದಾಸ ಎಂಬಂಥ ಹೆಸರುಗಳು ಬಂದವು. ಗಂಡ ದೇವದಾಸ ಹೈದರಾಬಾದಿನ ಹೋಟೆಲುಗಳಲ್ಲಿ ತಂದೂರಿ ಒಲೆಯ ಕೆಲಸ ಕಲಿತವನು. ಟೋಕಿಯೋದಲ್ಲಿ ನೇಪಾಳದ ಥಾಪಾ ನಡೆಸುವ 'ಇಂಡಿಯನ್' ಹೋಟೆಲಿಗೆ ಅಡಿಗೆಯವನಾಗಿ ಬಂದ; ಹಿಂದೆಯೇ ಇವಳೂ ಮಗಳು ನಮ್ರತಾಳೂ ಬಂದರು. ಮಗಳು ಈಗ ಬೈಸಿಕೊಳ್ಳುವಾಗಲೂ ಜಪಾನಿಯಲ್ಲೇ ಉತ್ತರ ಕೊಡುತ್ತಾಳೆ.

ಅವರಿದ್ದ ಕಟ್ಟಡದ ಮೇಲಿನ ಮಹಡಿಗಳಲ್ಲಿ ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಮಂದಿ. ಅವರಲ್ಲಿ ವೇದವಲ್ಲಿ ಒಬ್ಬಳು. ಮೊದಲ ಸಲ ಲಿಫ್ಟಿನಲ್ಲಿ ಕನ್ನಡ ಕಿವಿಗೆ ಬಿದ್ದು ಖುಷಿಯಾಗಿ, "ಅಯ್ಯೋ, ಕನ್ನಡದವ್ರಾ! ಯಾವೂರು? ಯಾರ ಪೈಕಿ?" ಎಂದು ಕೇಳಿದ್ದಳು. ಆ ಪ್ರಶ್ನೆಯ ಬಾಲ ಎಲ್ಲಿಗೆ ಮುಟ್ಟುತ್ತದೆಂದು ಸುವಾರ್ತಳಿಗೆ ಗೊತ್ತು. "ಬೀದರ್ ಕಡಿಯವ್ರೀ. ಕ್ರಿಶ್ಚನ್ನರು," ಎಂದಳು. "ಓ... ಹೌದಾ," ಎಂದಳು ವೇದವಲ್ಲಿ. ಅಲ್ಲಿಂದಾಚೆಗೆ ಲಿಫ್ಟಿನಲ್ಲಿ ಇಬ್ಬರೂ ಜಪಾನಿಯರ ಹಾಗೆ ತಲೆ ಬಾಗಿಸಿ ಸುಮ್ಮನಾಗುತ್ತಿದ್ದರು. ಬಗ್ಗುವುದು ಬಹಳ ಅನುಕೂಲದ ಪದ್ಧತಿ. ಮಾತನಾಡದೆಯೂ ಮರ್ಯಾದೆ ತೀರಿಸಿಬಿಡಬಹುದು.

ಇಷ್ಟರ ನಡುವೆ ಅವಳಿಗೆ ತನ್ನದು ಅಂತಿದ್ದದ್ದು ತಿಂಗಳಿಗೊಂದು ಭಾನುವಾರದ ಕನ್ನಡ ಸಭೆ. ವಾರ್ಡಿನ ಸಮುದಾಯ ಭವನದಲ್ಲಿ ಒಂದು ಕೋಣೆ, ಮಡಚುವ ಕುರ್ಚಿಗಳು, ಅಲ್ಲಿ ಇಲ್ಲಿ ಚದುರಿದ ಕೆಲವು ಕನ್ನಡದ ಕ್ರೈಸ್ತ ಮನೆಗಳು. ಹಾಡು ಎತ್ತಿಕೊಡುವವಳು ಸುವಾರ್ತಾ. ಬೇರೆ ಹೊತ್ತಿನಲ್ಲೆಲ್ಲ 'ಸುಮಿಮಾಸೆನ್, ಕ್ಷಮಿಸಿ' ಎನ್ನುವ ಬಾಯಿ ಅಲ್ಲಿ ಗಂಟಲು ಬಿಚ್ಚಿ ಹಾಡುತ್ತಿತ್ತು; ಮಡಚುವ ಕುರ್ಚಿಗಳು ನಡುಗುವ ಹಾಗೆ.

ಸಭೆಯ ಹಿರಿಯ ಜಯಂತ. ಧಾರವಾಡದ ಹಳೆಯ ಕ್ರೈಸ್ತ ಮನೆತನ, ಬೆಂಗಳೂರಿನಲ್ಲಿ ಬೆಳೆದವನು, ಟೋಕಿಯೋದ ಮಿನಾಟೋ ಭಾಗದಲ್ಲಿ ಇನ್ಶೂರೆನ್ಸ್ ಕಂಪನಿಯೊಂದರ ಮ್ಯಾನೇಜರ್. ಕೆಟ್ಟವನಲ್ಲ, ವ್ಯವಸ್ಥೆಯ ಮೇಲೆ ಬಹಳ ಪ್ರೀತಿ. ಕೊರೋನಾ ಬಂತು, ಭವನಕ್ಕೆ ಬೀಗ ಬಿತ್ತು, ಸಭೆ ಜೂಮ್‌ಗೆ ಹೋಯಿತು. ಮೊದಮೊದಲು ಎಲ್ಲರೂ ಮುಖ ತೋರಿಸಿದರು. ವರ್ಷ ಕಳೆಯುವಷ್ಟರಲ್ಲಿ ಪರದೆಯ ತುಂಬ ಕಪ್ಪು ಚೌಕಗಳು. ಜೂಮ್‌ನಲ್ಲಿ ಸೇರಿ ಹಾಡಿದರೆ ಒಬ್ಬೊಬ್ಬರ ದನಿ ಒಂದೊಂದು ಗಳಿಗೆಗೆ ಬಂದು ಮುಟ್ಟುತ್ತದೆ. ಕುರಿ ಹಿಂಡಿಗೆ ನಾಯಿ ಬಿಟ್ಟ ಹಾಗಾಗುತ್ತದೆ. ಹಾಗಾಗಿ ಹಾಡೂ ನಿಂತಿತು.

2021ರ ಜಪಾನಿನ ಬೇಸಿಗೆಗೆ, ಜುಲೈಯಲ್ಲಿ, ಜಯಂತ ಒಂದು ತೀರ್ಮಾನ ಹೇಳಿದ. ಮಿನಾಟೋದಲ್ಲಿ ಒಂದು ದೊಡ್ಡ ಇಂಗ್ಲಿಷ್ ಸಭೆಯಿದೆ. ಕೊರೋನಾದ ತುರ್ತು ಪರಿಸ್ಥಿತಿ ತೆಗೆದ ಕೂಡಲೇ ನಾವೆಲ್ಲ ಅದಕ್ಕೆ ಸೇರಿಕೊಳ್ಳೋಣ, ಕನ್ನಡ ಸಭೆಯನ್ನು ಮರ್ಯಾದೆಯಿಂದ ಮುಗಿಸೋಣ. ಯಾರೂ ಬೇಡ ಅನ್ನಲಿಲ್ಲ. ಕಪ್ಪು ಚೌಕಗಳು ಏನು ತಾನೇ ಅಂದಾವು? ಸುವಾರ್ತಾ ಫೋನು ಮಗುಚಿಟ್ಟು ಅಡಿಗೆಮನೆಗೆ ಹೋದಳು. ಮಿನಾಟೋದ ಸಭೆಯಲ್ಲಿ ಪಿಯಾನೋ ಇತ್ತು, ಹಾಡಲು ತಂಡ ಇತ್ತು. ಅವಳ ಗಂಟಲು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಮುಗಿಸುವ ಮೊದಲು ಜಯಂತ ಒಂದು ಪಾಠಮಾಲೆ ಇಟ್ಟುಕೊಂಡಿದ್ದ: ಆದಿಸಭೆ, ಅಂದರೆ ಯೇಸುವಿನ ಶಿಷ್ಯರ ಕಾಲದ ಮೊದಲ ಸಭೆ, ಹೇಗೆ ಬೆಳೆಯಿತು. ಒಳ್ಳೆಯ ಸ್ಲೈಡುಗಳು. ರೋಮಿನ ರಸ್ತೆಗಳು, ಹಡಗಿನ ದಾರಿಗಳು, ಎಲ್ಲರಿಗೂ ಅರ್ಥವಾಗುತ್ತಿದ್ದ ಗ್ರೀಕ್ ಭಾಷೆ. ಸಭೆಗಳು ಗುಡಿ ಗೋಪುರದಲ್ಲಿ ಅಲ್ಲ, ಮನೆಗಳಲ್ಲಿ ಸೇರುತ್ತಿದ್ದವು ಎಂದ. ವಿಧವೆಯರಿಗೆ ದಿನಾ ಊಟ ಹಂಚುತ್ತಿದ್ದರು, ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಬಡಿಸುತ್ತಿಲ್ಲ ಅಂತ ಜಗಳವಾಯಿತು, ಅದಕ್ಕಾಗಿ ಏಳು ಜನ ಗಂಡಸರನ್ನು ಆರಿಸಿದರು ಎಂದ. ಆಮೇಲೆ ಮಹಾಮಾರಿಗಳು. ರೋಮಿನ ರಾಜ್ಯದಲ್ಲಿ ಪಿಡುಗು ಬಿದ್ದಾಗ ಉಳ್ಳವರು ಊರು ಬಿಟ್ಟರು, ವೈದ್ಯರೂ ಬಿಟ್ಟರು. ಕ್ರೈಸ್ತರು ಉಳಿದು, ತಮ್ಮವರಲ್ಲದ ರೋಗಿಗಳಿಗೂ ನೀರು, ಗಂಜಿ ಕೊಟ್ಟರು. ಕೊಟ್ಟವರಲ್ಲಿ ಕೆಲವರು ಸತ್ತರು, ಗಂಜಿ ಕುಡಿದವರು ಬದುಕಿದರು. ಸಭೆ ಬೆಳೆಯಿತು. ಸ್ಲೈಡಿನಲ್ಲಿ ಒಂದು ಗೆರೆ ಮೇಲಕ್ಕೆ ಏರಿತು.

"ಪ್ರಶ್ನೆ ಇದ್ರೆ ಕೇಳ್ಬೋದು," ಎಂದ ಜಯಂತ.

ಸುವಾರ್ತಾ ಮೈಕು ಬಿಚ್ಚಿದಳು. "ಅಣ್ಣಾ, ಏಳು ಮಂದಿ ಗಂಡಸ್ರು ಬಡಿಸ್ಲಾಕ ನಿಂತ್ರು, ಖರೇ. ಅಡಿಗಿ ಯಾರ್ ಮಾಡಿದ್ರು?"

ಯಾವುದೋ ಕಪ್ಪು ಚೌಕದೊಳಗೆ ನಗು ಕೇಳಿಸಿತು. ಜಯಂತನೂ ನಕ್ಕ. "ಅದು ಎಲ್ಲೂ ಬರೆದಿಲ್ಲಮ್ಮ. ಮುಖ್ಯ ಪಾಯಿಂಟ್ ಅದಲ್ಲ. ನೆಕ್ಸ್ಟ್?"

ಸುವಾರ್ತಾ ಮೈಕು ಮುಚ್ಚಿದಳು. ಅವಳಿಗೆ ಅವಮಾನವೇನೂ ಆಗಲಿಲ್ಲ. ಉತ್ತರ ಸಿಗಲಿಲ್ಲ, ಅಷ್ಟೇ. ಜಯಂತ ಹೇಳಿದ್ದನ್ನು ಅವನಿಗಿಂತ ಹೆಚ್ಚು ನಂಬಿದವಳು ಅವಳೊಬ್ಬಳೇ. ಅವನಿಗೆ ಅದು ಪಾಠವಾಗಿತ್ತು. ಇವಳಿಗೆ ಯಾರೋ ಕೆಲಸ ಹಚ್ಚಿದ ಹಾಗೆ ಕೇಳಿಸಿತ್ತು.

ಅದೇ ಆಗಸ್ಟ್. ಪ್ರೇಕ್ಷಕರೇ ಇಲ್ಲದ ಕ್ರೀಡಾಂಗಣಗಳಲ್ಲಿ ಒಲಿಂಪಿಕ್ಸ್ ಪದಕ ಹಂಚಿ ಮುಗಿದಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಪಾಸಿಟಿವ್ ಬಂದವರು ಮನೆಯಲ್ಲೇ ಇರಬೇಕು. ಸರ್ಕಾರದಿಂದ ಊಟದ ಸಾಮಾನಿನ ಪೆಟ್ಟಿಗೆ ಬರುತ್ತದೆ. ಒಂದು ಭಾನುವಾರ ಜೂಮ್ ಮುಗಿದ ಮೇಲೆ ಜಯಂತನ ಹೆಂಡತಿ ವಸುಧಾ ಸುವಾರ್ತಳಿಗೆ ಫೋನು ಮಾಡಿದಳು. "ನಿಮ್ ಬಿಲ್ಡಿಂಗ್‌ನಲ್ಲೇ ವೇದವಲ್ಲಿ ಅಂತ ಇದಾರಲ್ಲ, ನಂಗೆ ಪರಿಚಯ, ಗಂಡ ಹೆಂಡ್ತಿ ಇಬ್ರಿಗೂ ಪಾಸಿಟಿವ್ ಅಂತೆ. ಪೆಟ್ಟಿಗೆ ಬಂದಿದೆ, ಅದ್ರಲ್ಲಿ ಏನೂ ತಿನ್ನೋ ಹಾಗಿಲ್ಲ. ನೂಡಲ್ಸ್‌ನಲ್ಲಿ ಹಂದಿ, ಸೂಪ್‌ನಲ್ಲಿ ಮೀನು, ಡಬ್ಬಿಯಲ್ಲಿ ಪೂರ್ತಿ ಮೀನು. ಬರೀ ಬಿಸ್ಕತ್ ತಿಂತಿದಾರಂತೆ ಪಾಪ. ಎದ್ದು ಒಲೆ ಹಚ್ಚೋಕೂ ಆಗ್ತಿಲ್ಲ."

ಸುವಾರ್ತಾ ಆ ದಿನವೇ ಹೊಸ ಪಾತ್ರೆಯೊಂದನ್ನು ತಂದಳು. ಈರುಳ್ಳಿ ಬೆಳ್ಳುಳ್ಳಿ ಸೋಕಿಸದೆ ಹೆಸರುಬೇಳೆ ಸಾರು, ಮೆತ್ತಗೆ ಅನ್ನ ಮಾಡಿದಳು. ಚೀಲಕ್ಕೆ ಹಾಕಿ ವೇದವಲ್ಲಿಯ ಬಾಗಿಲ ಹಿಡಿಕೆಗೆ ನೇತುಹಾಕಿ, ಬೆಲ್ ಒತ್ತಿ, ಮೆಟ್ಟಿಲಿಳಿದು ಬಂದಳು. ಬಂದು ವಸುಧಾಳಿಗೆ ಹೇಳಿದಳು: "ನೀವ್ ಕಳ್ಸಿದ್ದು ಅಂತ ಮೆಸೇಜ್ ಹಾಕ್ರಿ ಅಕ್ಕಾ."

"ನಾನ್ಯಾಕೆ? ಮಾಡಿದ್ದು ನೀನು."

"ನಿಮ್ಮ ಹೆಸ್ರಾದ್ರ ಧಾರವಾಡದ ದೊಡ್ಡ ಮನಿ ಹೆಸ್ರು, ಯಾರ ಪೈಕಿ ಅಂತ ಯಾರೂ ಕೇಳಂಗಿಲ್ಲ. ನಂದಂದ್ರ ಆ ಚೀಲ ಅಲ್ಲೇ ನೇತಾಡ್ತದ. ಹಾಕ್ರಿ ಸುಮ್ನೆ."

ಹಸಿವಿಗೆ ಜಾತಿಯಿಲ್ಲ ಎಂದು ಭಾಷಣ ಮಾಡುವವರು ಹೆಚ್ಚಾಗಿ ಹೊಟ್ಟೆ ತುಂಬಿದವರು. ಹಸಿದವರಿಗೆ ಜಾತಿ ಇರುತ್ತದೆ, ಜ್ವರದಲ್ಲೂ ಇರುತ್ತದೆ. ಸುವಾರ್ತಾ ಅದರ ಜೊತೆ ಜಗಳಕ್ಕೆ ನಿಲ್ಲಲಿಲ್ಲ, ಸುತ್ತುಬಳಸಿ ಹೋದಳು. ಸಂಜೆಗೆ ಖಾಲಿ ಡಬ್ಬಿ ತೊಳೆದು ಹಿಡಿಕೆಗೆ ಸಿಕ್ಕಿಸಿತ್ತು.

ಆ ಬಾಗಿಲಿನಿಂದ ಇನ್ನೊಂದು ಬಾಗಿಲು. ವೇದವಲ್ಲಿಗೆ ಗೊತ್ತಿದ್ದವರು, ಅವರಿಗೆ ಗೊತ್ತಿದ್ದವರು. ಥಾಪಾನ ಹೋಟೆಲಿನ ಹುಡುಗರಿದ್ದ ಕೋಣೆಯಲ್ಲಿ ಎಲ್ಲರೂ ಮಲಗಿದರು. ಕಾರ್ಖಾನೆಯಲ್ಲಿ ಸುವಾರ್ತಳ ಪಕ್ಕ ನಿಂತು ಮೀನು ಇಡುತ್ತಿದ್ದ ಮೊರಿಶಿತಾ ಸಾನ್, ಒಂಟಿ ವಿಧವೆ, ಕೆಲಸಕ್ಕೆ ಬರುವುದನ್ನು ನಿಲ್ಲಿಸಿದಳು. ಕೆಮ್ಮುತ್ತ ಫೋನಿನಲ್ಲಿ, "ಏನೂ ತೊಂದರೆಯಿಲ್ಲ, ಏನೂ ತೊಂದರೆಯಿಲ್ಲ," ಎಂದಳು. ಹಾಗೆ ಎರಡು ಸಲ ಹೇಳುವ ಜಪಾನಿ ಹೆಂಗಸಿಗೆ ಖಂಡಿತ ತೊಂದರೆಯಿದೆ ಎಂದು ಸುವಾರ್ತಾ ಲೆಕ್ಕ ಹಾಕಿದಳು. ಅವಳ ಬಾಗಿಲಿಗೂ ಒಂದು ಚೀಲ ಹೋಯಿತು.

ಮನೆಯ ಒಲೆ ಸಾಲದಾಯಿತು. ಸಂಜೆ ಬೇಗ ಬಾಗಿಲು ಹಾಕಬೇಕಾಗಿದ್ದ ಥಾಪಾನ ಹೋಟೆಲಿನಲ್ಲಿ ಮಧ್ಯಾಹ್ನವಿಡೀ ಒಲೆ ಖಾಲಿ. ದೇವದಾಸ ಕೇಳಿದ. ಥಾಪಾ ತಲೆ ಕೆರೆದುಕೊಂಡು, "ಪಾತ್ರೆ ತೊಳೆದಿಡಬೇಕು," ಎಂದು ಒಂದೇ ಷರತ್ತು ಹಾಕಿದ.

ಇನ್ನು ಅಕ್ಕಿ. ಸುವಾರ್ತಳ ಕೇರಿಯಲ್ಲಿ ಹೆಂಗಸರು ದಿನಾ ಹಿಟ್ಟು ಬೀಸುವ ಮೊದಲು ಒಂದು ಹಿಡಿ ಜೋಳ ಬೇರೆ ಗಡಿಗೆಗೆ ಹಾಕುತ್ತಿದ್ದರು. ಮನೆಯಲ್ಲಿ ರೊಟ್ಟಿ ಕಡಿಮೆಯಾದರೂ ಸರಿ, ಆ ಹಿಡಿ ತಪ್ಪುತ್ತಿರಲಿಲ್ಲ. ಭಾನುವಾರ ಎಲ್ಲ ಗಡಿಗೆಗಳೂ ಸಭೆಗೆ ಬರುತ್ತಿದ್ದವು. ದುಡಿಯಲಾಗದವರ ಮನೆಗೆ ಹೋಗುತ್ತಿದ್ದವು. ಅದನ್ನೇ ಅವಳು ಜೂಮ್‌ನಲ್ಲಿ ಹೇಳಿದಳು. "ಅನ್ನಕ್ಕಿಡೋ ಮೊದ್ಲು ಒಂದು ಹಿಡಿ ತೆಗ್ದು ಚೀಲದಾಗ ಹಾಕ್ರಿ. ಚೀಲ ಬಾಗ್ಲಿಗಿ ತೂಗ್ಹಾಕ್ರಿ. ನಮ್ಮನಿಯವ್ರು ಸೈಕಲ್ ಮ್ಯಾಲ ಬಂದು ಒಯ್ತಾರ. ಯಾರ ಮಖಾ ಯಾರೂ ನೋಡೋದು ಬ್ಯಾಡ."

ಬೇಡವೆನ್ನಲು ಕಾರಣ ಯಾರಿಗೂ ಸಿಗಲಿಲ್ಲ. ತಿಂಗಳುಗಟ್ಟಲೆ ಮುಖ ತೋರಿಸದಿದ್ದ ಚೌಕಗಳು ಅಕ್ಕಿ ತೋರಿಸಲು ಕ್ಯಾಮೆರಾ ತೆರೆದವು. "ನಂದು ಸೋನಾ ಮಸೂರಿ, ಜಪಾನಿ ಅಕ್ಕಿ ಜೊತೆ ಸೇರಿಸ್ಬೇಡ್ರಿ, ಅಂಟಂಟಾಗ್ತದೆ," ಎಂದು ಒಬ್ಬಳು. "ಅಂಟಿದ್ರ ಅಂಟ್ಲಿ, ಜ್ವರದಾಗ ನುಂಗ್ಲಾಕ ಸಲೀಸು," ಎಂದಳು ಸುವಾರ್ತಾ. ಬಹಳ ದಿನದ ಮೇಲೆ ಜೂಮ್‌ನಲ್ಲಿ ಗದ್ದಲವಾಯಿತು.

ಜಯಂತ ಇದನ್ನೆಲ್ಲ ನೋಡುತ್ತಿದ್ದ. ಒಂದು ಮಧ್ಯಾಹ್ನ ಹೋಟೆಲಿನ ಅಡಿಗೆಮನೆಗೇ ಬಂದ. ಕೈಯಲ್ಲಿ ನೀಟಾಗಿ ಕತ್ತರಿಸಿದ ಚೀಟಿಗಳ ಕಟ್ಟು. ಒಂದೊಂದರ ಮೇಲೆ ಒಂದು ದೇವರ ವಾಕ್ಯ, ಕೆಳಗೆ ಸಭೆಯ ಹೆಸರು.

"ಸುವಾರ್ತಾ, ಒಳ್ಳೇ ಸುದ್ದಿ," ಎಂದ. "ಮಿನಾಟೋದವ್ರ ಹತ್ರ ಮಾತಾಡಿದೀನಿ. ಅವ್ರು ತುಂಬಾ ಇಂಪ್ರೆಸ್ ಆಗಿದಾರೆ. ಪ್ರತಿ ಪಾರ್ಸಲ್‌ನಲ್ಲಿ ಇದೊಂದು ಚೀಟಿ ಹಾಕಿ, ಒಂದೆರಡು ಫೋಟೋ ಕಳಿಸಿದ್ರೆ, ನಮ್ಮ ಕನ್ನಡ ಸಭೆನ ಅವರದೇ ಒಂದು ಶಾಖೆಯಾಗಿ ಉಳಿಸ್ಕೋತಾರಂತೆ. ಕೋಣೆ ಬಾಡಿಗೆನೂ ಅವರೇ ನೋಡ್ಕೋತಾರೆ. ಮುಗಿಸೋದೇ ಬೇಡ."

ಸುವಾರ್ತಳ ಕೈ ಸೌಟಿನ ಮೇಲೆ ನಿಂತಿತು. ಮುಗಿಸೋದೇ ಬೇಡ ಎನ್ನುವ ಮಾತಿಗಾಗಿ ಅವಳು ಎಷ್ಟು ದಿನ ಕಾದಿದ್ದಳು! ಕಟ್ಟು ತೆಗೆದುಕೊಂಡಳು. ಬೇಡ ಎನ್ನಲಿಲ್ಲ.

ಜಯಂತ ಹೋದ ಮೇಲೆ ದೇವದಾಸ ಹೇಳಿದ: "ಹಾಕಿಬಿಡು. ಒಂದು ಕಾಗದದ ತುಂಡು. ಸಭಾ ಉಳೀತದ, ನೀ ಹಾಡ್ತಿ. ಯಾರಿಗೇನು ನಷ್ಟ?"

ಅವಳು ಒಂದು ಚೀಟಿ ಎತ್ತಿ ಡಬ್ಬಿಯ ಮೇಲಿಟ್ಟಳು. ನೋಡಿದಳು. ತೆಗೆದಳು. ಮತ್ತೆ ಇಟ್ಟಳು. ವಾಕ್ಯದಲ್ಲಿ ತಪ್ಪಿರಲಿಲ್ಲ, ಅವಳಿಗೆ ಬಾಯಿಪಾಠವಿದ್ದದ್ದೇ.

"ಉಸಿರು ಆಡ್ಲಾಕ ಬರದವ್ರ ಬಾಗ್ಲಿಗಿ ಊಟ ತೂಗ್ಹಾಕೀನಿ. ಅವ್ರು ಬ್ಯಾಡ ಅನ್ಲಾಕ ತಾಕತ್ತಿಲ್ಲ. ಈಗ ಅದ್ರ ಮ್ಯಾಲ ಚೀಟಿ ಇಟ್ರ, ಉಂಡಿದ್ದಕ್ಕ ಬಿಲ್ ಕೊಟ್ಟಂಗ ಆಗ್ತದ. ನನ್ನ ಹೆಸ್ರೇ ನಾ ಹಾಕಿಲ್ಲ; ದೇವ್ರ ಹೆಸ್ರು ಹ್ಯಾಂಗ ಹಾಕ್ಲಿ?"

"ಸಭಾ ಹೋಗ್ತದ ನೋಡು."

"ಹೋದ್ರ ಹೋಗ್ಲಿ," ಎಂದಳು. ಬೇಕೆಂದೇ ಕುಕ್ಕರಿನ ಕೂಗಿಗೆ ಮೈ ತಿರುಗಿಸಿ ನಿಂತಳು.

ಜಯಂತನಿಗೆ ಫೋನಿನಲ್ಲಿ ಹೇಳಿದಾಗ ಅವನು ಕೂಗಾಡಲಿಲ್ಲ. "ಹಾಗಾದ್ರೆ ಇದು ನಿನ್ನ ಸ್ವಂತ ಕೆಲಸ ಆಯ್ತು, ಸಭೆಯ ಕೆಲಸ ಅಲ್ಲ. ಮೊದ್ಲಿನ ತೀರ್ಮಾನವೇ ಇರ್ಲಿ," ಎಂದ.

ಆ ಮಾತು ವಸುಧಾಳ ಎದುರಿಗೇ ಆಗಿತ್ತು. ಅವಳಿಗೆ ಸಿಟ್ಟು ಬಂತು. ಗಂಡನ ಮೇಲಿನ ಸಿಟ್ಟನ್ನು ಇನ್ನೆಲ್ಲಿ ತೀರಿಸುವುದೋ ತಿಳಿಯದೆ ಅವಳು ನಿಜ ಹೇಳಿಬಿಟ್ಟಳು. ಚೇತರಿಸಿಕೊಂಡ ವೇದವಲ್ಲಿ ಥ್ಯಾಂಕ್ಸ್ ಹೇಳಲು ಫೋನು ಮಾಡಿದಾಗ, "ನನಗೆ ಆ ಸಾರು ಮಾಡೋಕೆ ಬರಲ್ಲ ರೀ. ಮಾಡಿದ್ದು ನಿಮ್ಮ ಕೆಳಗಿನ ಮನೆ ಸುವಾರ್ತಾ. ಇಷ್ಟು ದಿನ ನನ್ನ ಹೆಸರಲ್ಲಿ," ಎಂದಳು. ಆಮೇಲೆ ಹೆದರಿ ಸುವಾರ್ತಳಿಗೂ ತಿಳಿಸಿದಳು.

ಸುವಾರ್ತಾ ಕೂತಲ್ಲೇ ಕೂತಳು. ಮೇಲಿನ ಮಹಡಿಗಳಲ್ಲಿ ಒಂದು ಮಾತು ಹರಡಿದರೆ ಸಾಕು, ಯಾರೂ ಚೀಲ ಮುಟ್ಟರು. ಸಭೆ ಹೇಗೂ ಹೋಗಿತ್ತು. ಈಗ ಒಲೆಯೂ ಆರುತ್ತದೆ.

ಮಾರನೆಯ ದಿನ ವೇದವಲ್ಲಿಯ ಫೋನು ಬಂತು. "ಸುವಾರ್ತಾ ಅವ್ರೇ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹೆಸರು ಯಾಕೆ ಮುಚ್ಚಿಟ್ರಿ?"

"ಹೇಳಿದ್ರ ಉಣ್ತಿದ್ರೇನ್ರೀ ಅಕ್ಕಾ?"

"ಗೊತ್ತಿಲ್ಲ," ಎಂದಳು ವೇದವಲ್ಲಿ. "ಸುಳ್ಳ್ಯಾಕೆ ಹೇಳ್ಲಿ. ನಾನು ಉಣ್ತಿದ್ದೆ ಅನ್ಸತ್ತೆ. ನಮ್ಮೆಜಮಾನ್ರು... ಗೊತ್ತಿಲ್ಲ."

ಅವರಿಬ್ಬರ ನಡುವೆ ಬಂದ ಮೊದಲ ನಿಜವಾದ ಮಾತು ಅದು. ತಲೆ ಬಾಗಿಸುವುದಕ್ಕಿಂತ ಎಷ್ಟೋ ವಾಸಿ.

"ಅವ್ರಿಗೆ ಹೇಳಿದ್ರೇನು?"

"ಹೇಳ್ದೆ. ಸ್ವಲ್ಪ ಹೊತ್ತು ಗೋಡೆ ನೋಡ್ತಾ ಕೂತ್ರು. ಆಮೇಲೆ 'ಸಾರು ಇನ್ನೂ ಇದ್ಯಾ' ಅಂದ್ರು." ವೇದವಲ್ಲಿ ಕೆಮ್ಮಿನ ನಡುವೆಯೇ ನಕ್ಕಳು. "ಅಂದ್ಹಾಗೆ ಆ ಸಾರಿಗೆ ಉಪ್ಪು ಕಡಿಮೆ."

"ಕೊರೋನಾದಾಗ ನಾಲ್ಗಿ ಸತ್ತಿರ್ತದಲ್ರೀ."

"ನನ್ನ ನಾಲಿಗೆಗೇನೂ ಆಗಿಲ್ಲ. ಉಪ್ಪೇ ಕಡಿಮೆ. ಮತ್ತೆ ಇನ್ನೊಂದು ಕೇಳ್ಬೇಕಿತ್ತು. ವಸುಧಾ ಅವ್ರು ಹೇಳ್ತಿದ್ರು, ಒಂದೊಂದು ಹಿಡಿ ಅಕ್ಕಿ ಎತ್ತಿಡ್ತೀರಂತೆ? ನಮ್ಮಜ್ಜಿ ಮಠಕ್ಕೆ ಅಂತ ಹಾಗೇ ಎತ್ತಿಡ್ತಿದ್ರು. ನಮ್ಮಜ್ಜಿ ಹಿಡಿ ಎಷ್ಟು ಚಿಕ್ಕದು ಅಂತೀರಾ! ನಂದು ಸ್ವಲ್ಪ ದೊಡ್ಡದಿದೆ. ನಾನೂ ಚೀಲ ತೂಗ್ಹಾಕ್ಲಾ?"

ದೇವದಾಸನ ಸೈಕಲ್ಲು ಅಲ್ಲಿಂದ ಮೇಲಿನ ಮಹಡಿಗಳಿಗೂ ಹತ್ತಿತು. ಎಲ್ಲ ಬಾಗಿಲುಗಳೂ ತೆರೆದವೆಂದು ಹೇಳಿದರೆ ಅದು ಸುಳ್ಳು. ಒಂದಿಬ್ಬರು ಊಟ ಬೇಡವೆಂದು ನಯವಾಗಿ ಮೆಸೇಜು ಹಾಕಿದರು, ಕಾರಣ ಬರೆಯಲಿಲ್ಲ. ಒಬ್ಬರು ಇದು ಮತಾಂತರದ ಹುನ್ನಾರವೇನೋ ಎಂದು ಕಟ್ಟಡದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರು. "ನಾನು ವಾರಗಟ್ಟಲೆ ತಿಂದಿದೀನಿ, ಇನ್ನೂ ಏಕಾದಶಿ ಮಾಡ್ತಿದೀನಿ," ಎಂದು ವೇದವಲ್ಲಿ ಉತ್ತರ ಹಾಕಿ ಬಾಯಿ ಮುಚ್ಚಿಸಿದಳು.

ಸೆಪ್ಟೆಂಬರ್ ಕೊನೆಗೆ ತುರ್ತು ಪರಿಸ್ಥಿತಿ ತೆಗೆದರು. ಜಯಂತ ಕೊನೆಯ ಸಭೆಗೆ ದಿನ ಗೊತ್ತು ಮಾಡಿದ. ಭವನದ ಕೋಣೆ ಸಿಗಲಿಲ್ಲ. ಥಾಪಾನ ಹೋಟೆಲಿನಲ್ಲೇ ಸೇರೋಣ, ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ, ಎಂದಾಯಿತು. ಕೊನೆಯದಲ್ಲವೇ, ಒಂದು ಊಟವೂ ಇರಲಿ ಎಂದಳು ಸುವಾರ್ತಾ. ಊಟವಿದೆ ಎಂಬ ಸುದ್ದಿಯನ್ನು ಯಾರು ಯಾರಿಗೆ ಮುಟ್ಟಿಸಿದರೋ ಯಾರಿಗೂ ಗೊತ್ತಿಲ್ಲ.

ಜಯಂತ ಮುಕ್ತಾಯದ ಮಾತು ಸಿದ್ಧಮಾಡಿಕೊಂಡು ಸೂಟು ಹಾಕಿಕೊಂಡು ಬಂದಾಗ ಅವನಿಗೆ ಕುರ್ಚಿ ಸಿಗಲಿಲ್ಲ. ಕಪ್ಪು ಚೌಕಗಳೆಲ್ಲ ಮೂಗು ಬಾಯಿ ಮಾಸ್ಕು ಸಮೇತ ಬಂದು ಕೂತಿದ್ದವು. ಥಾಪಾನ ಹುಡುಗರು, ಮೇಲಿನ ಮಹಡಿಯ ಕೆಲವರು, ಮೊರಿಶಿತಾ ಸಾನ್. ಕಿಟಕಿಗಳನ್ನೆಲ್ಲ ಹಾರುಹೊಡೆದು ತೆರೆದಿಟ್ಟಿದ್ದರು. ಬಾಗಿಲ ಬಳಿ ಅನಂತಮೂರ್ತಿ, ವೇದವಲ್ಲಿಯ ಗಂಡ, ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ತಟ್ಟೆ ಹಿಡಿದು ನಿಂತಿದ್ದ. ಯಾರೂ ಅವನನ್ನು ಒತ್ತಾಯಿಸಲಿಲ್ಲ. ಹೊಸ್ತಿಲಲ್ಲೇ ನಿಂತು ಉಂಡ. ಎರಡು ಸಲ ಬಡಿಸಿಕೊಂಡ.

"ಮೊದ್ಲು ಪ್ರಾರ್ಥನೆ ಅಲ್ವಾ?" ಎಂದ ಜಯಂತ ಗೊಂದಲದಲ್ಲಿ.

"ಮೊದ್ಲು ಉಣ್ರಿ ಅಣ್ಣಾ. ಪ್ರಾರ್ಥನೆ ಬೇಕಾದವ್ರು ಕೂಡ್ತಾರ, ಬ್ಯಾಡಾದವ್ರು ಹೋಗ್ತಾರ. ಹೊಟ್ಟಿಗಿ ಹಾಕಿ ಬಾಗಿಲಿಗಿ ಚಿಲಕ ಹಾಕೋದು ನಮ್ದಲ್ಲ."

ಉಂಡು ಅರ್ಧಕ್ಕರ್ಧ ಮಂದಿ ಹೋದರು. ಉಳಿದ ಅರ್ಧವೂ ಜಯಂತನ ಹಳೆಯ ಸಭೆಗಿಂತ ಹೆಚ್ಚಿತ್ತು. ಸುವಾರ್ತಾ ಕೈ ಒರೆಸಿಕೊಂಡು ಮಾಸ್ಕಿನೊಳಗಿಂದಲೇ ಹಾಡು ಎತ್ತಿದಳು. ಒಂದೂವರೆ ವರ್ಷ ಕಟ್ಟಿಹಾಕಿದ್ದ ಗಂಟಲು. ಮೊದಲ ಸಾಲು ಒಡೆಯಿತು, ಎರಡನೆಯದಕ್ಕೆ ಹದಕ್ಕೆ ಬಂತು. ಥಾಪಾನ ಹುಡುಗರಿಗೆ ಕನ್ನಡ ಬಾರದು, ತಟ್ಟೆಯ ಮೇಲೆ ತಾಳ ಹಾಕಿದರು. ಮೊರಿಶಿತಾ ಸಾನ್‌ಗೆ ಏನೂ ಅರ್ಥವಾಗಲಿಲ್ಲ, ಕಣ್ಣು ಮುಚ್ಚಿ ಕೂತಿದ್ದಳು. ಹಾಡು ಮುಗಿದ ಮೇಲೆ ಜಪಾನಿಯಲ್ಲಿ ಕೇಳಿದಳು: "ಮುಂದಿನ ವಾರವೂ ಇದೆಯಾ?"

ಸುವಾರ್ತಾ ಜಯಂತನ ಮುಖ ನೋಡಿದಳು. ಉತ್ತರ ಹೇಳಬೇಕಾದವನು ಅವನು. ಅವನು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. ಅಡಿಗೆಮನೆಯಲ್ಲಿ ವಸುಧಾಳೂ ವೇದವಲ್ಲಿಯೂ ದೊಡ್ಡ ಪಾತ್ರೆ ಉಜ್ಜುತ್ತ ಏನನ್ನೋ ನೆನೆದು ಜೋರಾಗಿ ನಗುತ್ತಿದ್ದದ್ದು ಮಾತ್ರ ಕೇಳಿಸುತ್ತಿತ್ತು. ಜಯಂತ ಆ ಕಡೆ ನೋಡಿದ, ಹೊಸ್ತಿಲ ಕಡೆ ನೋಡಿದ, ತನ್ನ ಮುಂದೆಯೇ ಇದ್ದ ಖಾಲಿ ತಟ್ಟೆ ನೋಡಿದ.

"ಮುಂದಿನ ಭಾನುವಾರ..." ಎಂದು ಶುರು ಮಾಡಿ ನಿಲ್ಲಿಸಿದ. ಮತ್ತೆ ಸುವಾರ್ತಳ ಕಡೆ ತಿರುಗಿ, "ಎಷ್ಟು ಗಂಟೆಗೆ?" ಎಂದ.

"ಮಂದಿ ಮೂರಕ್ಕ ಬರ್ತಾರ," ಎಂದಳು ಸುವಾರ್ತಾ. "ನೀವು ಎರಡಕ್ಕ ಬರ್ರಿ ಅಣ್ಣಾ. ಕುಂಬಳಕಾಯಿ ಹೆಚ್ಚೋದದ. ಈ ದೇಶದ ಕುಂಬಳಕಾಯಿ ಭಾಳ ಗಟ್ಟಿ."